ಪಿಂಕ್ ಫ್ಲಾಯ್ಡ್ 1975: ಹಳೆಯ ಟೇಪೋ, ಅಧಿಕೃತ ಆವೃತ್ತಿಯೋ?

1975ರ ಏಪ್ರಿಲ್ 26ರಂದು ಲಾಸ್ ಏಂಜಲೀಸ್ ಸ್ಪೋರ್ಟ್ಸ್ ಅರೀನಾದಲ್ಲಿ ನಡೆದ ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಕಛೇರಿಯನ್ನು ಮೈಕ್ ಮಿಲರ್ಡ್ ಎಂಬ ಅಭಿಮಾನಿ ಪ್ರೇಕ್ಷಕರ ನಡುವೆ ಕುಳಿತು ಕ್ಯಾಸೆಟ್‌ಗೆ ಇಳಿಸಿಕೊಂಡಿದ್ದ. ದಶಕಗಳ ಕಾಲ ಅಭಿಮಾನಿಗಳ ಕೈಯಿಂದ ಕೈಗೆ ದಾಟಿದ ಆ ಧ್ವನಿಯನ್ನು ಸಂಗೀತಗಾರ, ಧ್ವನಿ ಮಿಶ್ರಣಕಾರ ಸ್ಟೀವನ್ ವಿಲ್ಸನ್ ಹಸನುಗೊಳಿಸಿದರು. 2025ರಲ್ಲಿ ಅದು ‘ವಿಶ್ ಯು ವರ್ ಹಿಯರ್’ ಆಲ್ಬಮ್‌ನ ಐವತ್ತನೇ ವರ್ಷದ ‘ವಿಶ್ ಯು ವರ್ ಹಿಯರ್ 50’ ಸಂಗ್ರಹದೊಂದಿಗೆ ಅಧಿಕೃತವಾಗಿ ಹೊರಬಂತು.

ಹಳೆಯ ಪ್ರತಿಗಳಲ್ಲಿ ದೊಡ್ಡ ತೊಡಕು ತಲೆಮಾರಿನದು. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ನಕಲಾದಂತೆಲ್ಲ ಹಿಸ್ (ಟೇಪಿನ ‘ಸ್ಸ್’ ಸದ್ದು) ಹೆಚ್ಚುತ್ತದೆ, ಡ್ರಮ್ಸ್‌ನ ಸಿಂಬಲ್‌ಗಳ (ಲೋಹದ ತಾಳಗಳ) ಹೊಳಪು ಮಾಸುತ್ತದೆ, ಪ್ಲೇಯರ್‌ನ ವೇಗ ತಪ್ಪಿದರೆ ಶ್ರುತಿಯೂ ಜಾರುತ್ತದೆ. ಮೂಲ ಕ್ಯಾಸೆಟ್‌ನಿಂದಲೇ ನೇರವಾಗಿ ಡಿಜಿಟಲ್‌ಗೆ ತಂದ ಪ್ರತಿ ಸಿಕ್ಕರೆ ಮಾತ್ರ ಇಟ್ಟುಕೊಳ್ಳಿ, ಉಳಿದವನ್ನು ಬಿಡಬಹುದು.

ಅಧಿಕೃತ ಆವೃತ್ತಿ ಎಂದರೆ ಸ್ಟುಡಿಯೋ ಸ್ಪಷ್ಟತೆ ಅಂದುಕೊಳ್ಳಬೇಡಿ. ಗಿಟಾರ್, ಡ್ರಮ್ಸ್, ಸಭಾಂಗಣದ ಪ್ರತಿಧ್ವನಿ, ಚಪ್ಪಾಳೆ ಎಲ್ಲವೂ ಎರಡೇ ಚಾನೆಲ್‌ಗಳಲ್ಲಿ ಬೆರೆತಿವೆ. ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ದಾಖಲಾದ ಕಛೇರಿಯಂತೆ ಇದನ್ನು ಮೊದಲಿನಿಂದ ಮಿಕ್ಸ್ ಮಾಡಲು ಬರುವುದಿಲ್ಲ. ಹಿಸ್ ತೆಗೆಯುವಾಗ ಅತಿ ಮಾಡಿದರೆ ಸಂಗೀತದ ಸೂಕ್ಷ್ಮ ಮೇಲ್ಸ್ವರಗಳೂ ಹೋಗುತ್ತವೆ. ಆದ್ದರಿಂದ ಇಲ್ಲಿ ಬೇಕಾದದ್ದು ಸಂಯಮ.

ಮೊದಲ ಸಲ ಕೇಳುವವರಿಗೆ ನನ್ನ ಆಯ್ಕೆ ಅಧಿಕೃತ ಆವೃತ್ತಿಯೇ. ಈ ಕಛೇರಿಯಲ್ಲಿ ನುಡಿಸಿದ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಹಾಡು ಆಗ ಇನ್ನೂ ಆಲ್ಬಮ್‌ನಲ್ಲಿ ಬಂದಿರಲಿಲ್ಲ. ‘ರೇವಿಂಗ್ ಆ್ಯಂಡ್ ಡ್ರೂಲಿಂಗ್’ ಮುಂದೆ ‘ಶೀಪ್’ ಎಂಬ ಹಾಡಾಯಿತು. ಹಾಡುಗಳು ರೂಪ ತಾಳುತ್ತಿರುವುದನ್ನು ಕೇಳುವಾಗ ಪ್ರತಿ ವಿವರವೂ ಮುಖ್ಯ. ಈ ಕಛೇರಿಯನ್ನು ವರ್ಷಗಳಿಂದ ಬಲ್ಲವರು, ಹಿಸ್ ಇದ್ದರೂ ಸರಿ, ಯಾರೂ ತಿದ್ದದ ಮೂಲ ಪ್ರತಿಯನ್ನೂ ಜೊತೆಗಿಟ್ಟುಕೊಳ್ಳಲಿ.