ಗಾಳಿಕೆರೆಯ ದಾರಿಗೆ ಕರಿ ಕಂಬಳಿ: ತಗೊಳ್ಳಬಹುದಾ?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ ಕರಿ ಕಂಬಳಿಯ ಬಗ್ಗೆ ಬರೆಯುತ್ತಿದ್ದೇನೆ. ಮನೆಯಲ್ಲಿ ಹೊದ್ದು ಮಲಗೋಕೆ ತಗೊಂಡಿದ್ದಲ್ಲ. ಬೆನ್ನಿಗೆ ಚೀಲ ಏರಿಸಿಕೊಂಡು ಒಬ್ಬಳೇ ಬೆಟ್ಟ ಸುತ್ತುವಾಗ ಮಳೆಗೂ ಚಳಿಗೂ ಇದೊಂದೇ ಸಾಕಾಗುತ್ತದಾ ಅಂತ ನೋಡಬೇಕಿತ್ತು. ಮಳೆ ಗಾಳಿಯಲ್ಲಿ ಕೂರೋದಕ್ಕೆ ಇದನ್ನು ಮೀರಿಸಿದ್ದು ಇಲ್ಲ. ಹೊತ್ತುಕೊಂಡು ತಿರುಗೋದಕ್ಕೆ ಮಾತ್ರ ಯೋಚನೆ ಮಾಡಬೇಕು.

ಮೊದಲು ನನ್ನ ಹತ್ತಿರ ಆನ್‌ಲೈನಲ್ಲಿ ತರಿಸಿದ ಪೊಂಚೊ, ಅಂದರೆ ತಲೆ ಮೇಲಿಂದ ಇಳಿಬಿಡುವ ತೋಳಿಲ್ಲದ ಮಳೆಯಂಗಿ, ಇತ್ತು. ಊರಲ್ಲಿ ಸ್ಕೂಟರಿಗೆ ಚೆನ್ನಾಗಿದೆ. ಆದರೆ ಆಗಸ್ಟಿನಲ್ಲಿ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಮೇಲೆ (ಗಾಳಿಕೆರೆ ಇರುವುದು ಅಲ್ಲೇ) ಮಳೆ ಮೇಲಿಂದ ಬೀಳೋದಿಲ್ಲ, ಪಕ್ಕದಿಂದ ಬರುತ್ತದೆ. ಪೊಂಚೊ ಹಾರಿ ಮುಖಕ್ಕೆ ಬಡಿಯುತ್ತದೆ, ಮುಂದಿನ ದಾರಿಯೇ ಕಾಣೋದಿಲ್ಲ. ಏರು ಹತ್ತುವಾಗ ಒಳಗೆಲ್ಲ ಬೆವರು. ಹೊರಗಿನ ನೀರಿಗಿಂತ ಒಳಗಿನದೇ ಜಾಸ್ತಿ.

ನಮ್ಮ ಹೊಸನಗರದ ಕಡೆ ಹಿಂದೆಲ್ಲ ನೆಟ್ಟಿ ಗದ್ದೆಯಲ್ಲಿ ಮಳೆಗೆ ಬಿದಿರು, ಎಲೆಯಿಂದ ಹೆಣೆದ ಗೊರಬು, ಇಲ್ಲ ತಲೆಯಿಂದ ಹೊದೆಯುವ ಕಂಬಳಿ ಕೊಪ್ಪೆ. ಪ್ಲಾಸ್ಟಿಕ್ ಬಂದ ಮೇಲೆ ಎರಡೂ ಅಟ್ಟ ಸೇರಿದವು. ಹಾಗಾಗಿ ಕಂಬಳಿ ಕೇಳಿದಾಗ ಅಂಗಡಿಯವರಿಗೇ ಆಶ್ಚರ್ಯ. "ಯಾರಿಗೆ ಅಕ್ಕಾ, ಮನೆಯಲ್ಲಿ ಹಿರಿಯರಿಗಾ?" ಅಂದರು. ಬೆಟ್ಟ ಹತ್ತೋಕೆ ಅಂದಾಗ ನಕ್ಕು, ಕಾಲೇಜು ಹುಡುಗರಿಗೆ ಅಂತ ಇಟ್ಟಿದ್ದ ಮೆತ್ತಗಿನ ಮಿಲ್ ಕಂಬಳಿ ತೆಗೆದರು. ಅದು ಬೇಡ. ನಿಮಗೂ ಅದನ್ನೇ ತೋರಿಸುತ್ತಾರೆ, ಎಚ್ಚರ. ಅಂಚಿನ ಒಂದು ಎಳೆ ಕಿತ್ತು ಬೆಂಕಿ ಕಡ್ಡಿ ಹಿಡಿದು ನೋಡಿ. ಕುರಿ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆರಳಲ್ಲಿ ತಿಕ್ಕಿದರೆ ಬೂದಿಯಾಗಿ ಉದುರುತ್ತದೆ. ಅಕ್ರಿಲಿಕ್ ಅನ್ನೋ ಕೃತಕ ನೂಲು ಬೆರೆತಿದ್ದರೆ ಕರಗಿ ಗಟ್ಟಿ ಗುಂಡಾಗುತ್ತದೆ.

ನಾನು ಕೊಂಡಿದ್ದು ಕೈಮಗ್ಗದ್ದು. ಕುರುಬರು ಕರಿ ಕುರಿಯ ಉಣ್ಣೆ ನೂತು ನೇಯುವುದು, ಬಣ್ಣ ಹಾಕಿದ್ದಲ್ಲ. ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟಿರುತ್ತಾರೆ. ಹೊಸದರಲ್ಲಿ ಸೆಟೆದುಕೊಂಡಿರುವುದು ಅದಕ್ಕೇ. ಎರಡೂವರೆ ಸಾವಿರ ಹೇಳಿದ್ದು, ಚೌಕಾಸಿ ಮಾಡಿ 2,200 ರೂಪಾಯಿಗೆ ಬಂತು. ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವಳು, ತಕ್ಕಡಿ ಕೈಗೆಟುಕುವಲ್ಲೇ ಇದೆ. ತೂಗಿ ನೋಡಿದೆ: 2 ಕಿಲೋ 200 ಗ್ರಾಂ. ಕಿಲೋಗೆ ಸಾವಿರ ಬಿತ್ತು ಅಂತ ಹಮಾಲಿ ಅಣ್ಣ ಲೆಕ್ಕ ಹಾಕಿದರು.

ಶಿವಮೊಗ್ಗದಿಂದ ತರೀಕೆರೆ ಮೇಲೆ ಚಿಕ್ಕಮಗಳೂರು, ಅಲ್ಲಿಂದ ಗಿರಿಯ ಬಸ್ಸು. ಕೈಮರದ ಚೆಕ್‌ಪೋಸ್ಟ್ ದಾಟಿದ ಮೇಲೆ ಕಿಟಕಿಯಾಚೆ ಬರೀ ಮಂಜು. ದತ್ತಪೀಠದ ಹತ್ತಿರ ಇಳಿದು ಕಂಬಳಿ ಹೊದ್ದೆ. ಒಂದು ತುದಿ ಮಡಚಿ ಮೂಲೆ ಮಾಡಿ ತಲೆಗೆ ಸಿಕ್ಕಿಸಿದರೆ ಕೊಪ್ಪೆ ಆಯಿತು. ಉಳಿದದ್ದು ಬೆನ್ನಿನ ಚೀಲವನ್ನೂ ಮುಚ್ಚಿಕೊಂಡು ಮೊಣಕಾಲಿನ ಕೆಳಗೆ ಇಳಿಯಿತು. ಚೀಲಕ್ಕೆ ಬೇರೆ ಕವರ್ ಬೇಡವೇ ಬೇಡ. ಎದುರು ಭಾಗ ತೆರೆದುಕೊಳ್ಳುತ್ತದೆ, ಅದಕ್ಕೆ ಗಲ್ಲದ ಕೆಳಗೆ ದೊಡ್ಡ ಪಿನ್ನು ಹಾಕಿಕೊಂಡೆ.

ಗಾಳಿಕೆರೆ ಪುಟ್ಟ ಕೆರೆ. ಸುತ್ತ ಹುಲ್ಲಿನ ಗುಡ್ಡ, ಕಣಿವೆಯ ಮಡಿಲಲ್ಲಷ್ಟೇ ಶೋಲಾ ಅನ್ನೋ ಗಿಡ್ಡ ಮರಗಳ ದಟ್ಟ ಕಾಡು. ಗಾಳಿಗೆ ಅಡ್ಡ ನಿಲ್ಲಲು ಅಲ್ಲಿ ಒಂದು ಮರವೂ ಇಲ್ಲ. ದಂಡೆಯಲ್ಲಿ ಕೂತು ಮಂಡಿ ಮಡಚಿಕೊಂಡೆ, ಕಂಬಳಿ ಸುತ್ತಲೂ ಗುಡಾರದ ಹಾಗೆ ನಿಂತಿತು. ಒಳಗೆ ಬೆಚ್ಚಗೆ ಕೂತು ಅವಲಕ್ಕಿ ಬುತ್ತಿ ಬಿಚ್ಚಿದೆ. ಮಂಜು ಸರಿದಾಗ ಆಚೆ ದಡ ಕಾಣಿಸೋದು, ಮತ್ತೆ ಮುಚ್ಚಿಕೊಳ್ಳೋದು. ಬಂದಿದ್ದ ಹುಡುಗರ ಗುಂಪೊಂದು ರೈನ್‌ಕೋಟಿನಲ್ಲಿ ನಡುಗುತ್ತಾ ಫೋಟೋ ಹೊಡೆದುಕೊಂಡು ಬೇಗ ವಾಪಸ್ ಹೊರಟಿತು. ನನಗೆ ಏಳೋ ಅವಸರವೇ ಇರಲಿಲ್ಲ.

ಕಂಬಳಿ ನೀರು ಕುಡಿಯೋದಿಲ್ಲ ಅಂತಲ್ಲ. ಜಿಬಿರು ಮಳೆ ಹನಿ ಮೇಲೇ ನಿಲ್ಲುತ್ತದೆ, ಕೊಡವಿದರೆ ಹೋಗುತ್ತದೆ. ಜಡಿಮಳೆಗೆ ನಿಧಾನಕ್ಕೆ ನೆನೆಯುತ್ತದೆ. ಆದರೆ ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಎಳೆಯೊಳಗೇ ಹಿಡಿದುಕೊಳ್ಳುತ್ತದೆ, ಹಾಗಾಗಿ ಮೈಗೆ ಥಂಡಿ ತಟ್ಟೋದಿಲ್ಲ. ಒದ್ದೆ ಹತ್ತಿ ಬಟ್ಟೆಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲೇ ಕೂತರೆ ಗೊತ್ತಾಗುತ್ತದೆ. ಉಂಬಳದ (ರಕ್ತ ಹೀರುವ ಜಿಗಣೆ) ವಿಷಯಕ್ಕೆ ಏನೂ ಉಪಯೋಗವಿಲ್ಲ. ಅದಕ್ಕೆ ಸುಣ್ಣ, ಹೊಗೆಸೊಪ್ಪು ಇದ್ದೇ ಇರಲಿ.

ಕಷ್ಟ ಶುರುವಾದದ್ದು ವಾಪಸ್ ಬರುವಾಗ. ಅತ್ತಿಗುಂಡಿ ಕಡೆ ಉಳಿದುಕೊಂಡಿದ್ದ ಮನೆಯಲ್ಲಿ ಕಾಫಿ ತೂಗುವ ತಕ್ಕಡಿ ಇತ್ತು. ಒದ್ದೆ ಕಂಬಳಿ 3 ಕಿಲೋ ದಾಟಿತ್ತು! ಹೆಗಲು ನೋವಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಬಚ್ಚಲೊಲೆ ಮೇಲಿನ ಗಳಕ್ಕೆ ರಾತ್ರಿಯಿಡೀ ನೇತುಹಾಕಿದರೂ ಬೆಳಿಗ್ಗೆ ಅಂಚು ಹಸಿಯಾಗಿಯೇ ಇತ್ತು. ಕುರಿ ವಾಸನೆಯೂ ಸೇರಿ, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯಿತು. ಕುತ್ತಿಗೆಗೆ ಚುಚ್ಚುತ್ತದೆ, ಹತ್ತಿಯ ಟವೆಲ್ ಸುತ್ತಿಕೊಳ್ಳಲೇಬೇಕು.

ಹಗಲು ನಡೆದು, ಸಂಜೆ ಒಲೆಯಿರುವ ಮನೆ ಸೇರುವವರಾದರೆ ಕಣ್ಣು ಮುಚ್ಚಿ ತಗೊಳ್ಳಿ. ಒಣಗಿಸೋಕೆ ಜಾಗ ಸಿಗದೆ ದಿನಾ ಜಾಗ ಬದಲಿಸುವವರಿಗೆ ಇದು ಬೇಡ. ಮೋಟಾರು ಬೈಕಿನವರಂತೂ ಆಸೆಯೇ ಪಡಬೇಡಿ, ತುದಿ ಚಕ್ರಕ್ಕೆ ಸಿಕ್ಕಿಕೊಂಡೀತು. ವಾಷಿಂಗ್ ಮೆಷಿನ್‌ಗೆ ಹಾಕಬಾರದು, ಉಣ್ಣೆ ಮುದುಡಿ ಗಂಟುಗಟ್ಟುತ್ತದೆ. ಬಿಸಿಲಿಗೆ ಹಾಕಿ ಕೊಡವಿ, ಮಡಿಕೆಗಳ ನಡುವೆ ಬೇವಿನ ಸೊಪ್ಪು ಇಟ್ಟರೆ ನುಸಿ ಹತ್ತೋದಿಲ್ಲ.

ಅದೇ ಅಂಗಡಿಯಲ್ಲಿ ಇನ್ನೂ ಸಣ್ಣ ಅಳತೆಯದ್ದೂ ಇದೆ, ಒಂದೂವರೆ ಕಿಲೋ ಒಳಗೆ ಬರುತ್ತದಂತೆ. ಚೀಲ ಮುಚ್ಚುವಷ್ಟು ಉದ್ದ ಇದೆಯಾ ಅಂತ ಹೊದ್ದು ನೋಡಿ ಅದನ್ನೇ ಒಂದು ತರಬೇಕು. ದೊಡ್ಡದನ್ನು ಅಮ್ಮ ಆಗಲೇ ತನ್ನ ಮಂಚಕ್ಕೆ ಹಾಕಿಕೊಂಡಿದ್ದಾಳೆ, ಕೇಳಿದರೆ ಕೊಡುವ ಹಾಗೆ ಕಾಣೋದಿಲ್ಲ.