"ಬೆಳೆಯಲ್ಲ" ಅಂತ ಹೇಳಿ ಆಮೆ ಮಾರುವ ಪೆಟ್ ಶಾಪ್: 1 ಸ್ಟಾರ್

ಮಗನ ಬರ್ತ್‌ಡೇಗೆ ಅಂತ ನಮ್ಮಣ್ಣ ಬೆಂಗಳೂರಿನ ಒಂದು ಪೆಟ್ ಶಾಪಿನಿಂದ ಪುಟ್ಟ ಆಮೆ ತಂದುಕೊಟ್ಟ, ನಮ್ಮನ್ನು ಒಂದು ಮಾತೂ ಕೇಳದೆ. ಕಣ್ಣಿನ ಹಿಂದೆ ಕೆಂಪು ಪಟ್ಟೆ, ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. "ಇಷ್ಟೇ ಇರುತ್ತೆ, ಬೆಳೆಯಲ್ಲ" ಅಂದರಂತೆ ಅಂಗಡಿಯವರು. ಶುದ್ಧ ಸುಳ್ಳು. ಇದು ರೆಡ್ ಇಯರ್ಡ್ ಸ್ಲೈಡರ್, ಅಮೆರಿಕದ ಜಾತಿ. ಊಟದ ತಟ್ಟೆಯಷ್ಟು ಬೆಳೆಯುತ್ತೆ, 20-30 ವರ್ಷ ಬದುಕುತ್ತೆ, ಅದಕ್ಕೆ ದೊಡ್ಡ ಟ್ಯಾಂಕು, ಫಿಲ್ಟರು, ಮೈ ಕಾಯಿಸಿಕೊಳ್ಳಲು ಒಣ ಜಾಗ, ಯುವಿ ಲೈಟು ಎಲ್ಲಾ ಬೇಕು. ವಾಪಸ್ ತಗೊಳ್ಳಿ ಅಂದ್ರೆ "ಕೆರೆಗೆ ಬಿಟ್ಟುಬಿಡಿ ಮೇಡಂ" ಅಂತಾರೆ! ದಯವಿಟ್ಟು ಯಾರೂ ಬಿಡಬೇಡಿ. ನಮ್ಮ ಕೆರೆಯ ಆಮೆಗಳ ಊಟ, ಜಾಗ ಎರಡನ್ನೂ ಇದು ಕಿತ್ತುಕೊಳ್ಳುತ್ತೆ. ಕೊನೆಗೆ ಪ್ರಾಣಿ ರಕ್ಷಣಾ ಕೇಂದ್ರವೊಂದು ಒಪ್ಪಿಕೊಂಡಿತು. ಅಲ್ಲೂ ಜಾಗ ಕಮ್ಮಿ, ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ.