ಟಿಳಕವಾಡಿಯ ಚೆಸ್ ತರಗತಿ: ಎಂಟು ರವಿವಾರ, ಜುಡಿತ್ ಪೋಲ್ಗಾರ್ ಆಟಗಳು

ಬೆಳಗಾವಿಯ ಟಿಳಕವಾಡಿಯಲ್ಲಿ ನಡೆಯುವ ಈ ತರಗತಿಯಲ್ಲಿ ಹಂಗೇರಿಯ ಆಟಗಾರ್ತಿ ಜುಡಿತ್ ಪೋಲ್ಗಾರ್ ಅವರ ಆಟಗಳನ್ನಷ್ಟೇ ಇಟ್ಟುಕೊಂಡು ಎಂಟು ರವಿವಾರ ಪಾಠ ಮಾಡುತ್ತಾರೆ. ದಿನಕ್ಕೆ ಎರಡು ತಾಸು, ಒಟ್ಟು ಶುಲ್ಕ 2,400 ರೂಪಾಯಿ, ತಂಡಕ್ಕೆ ಹನ್ನೆರಡೇ ಮಂದಿ. ಕಾಯಿ ನಡೆಸುವುದನ್ನು ಈಗಷ್ಟೇ ಕಲಿತ ಮಕ್ಕಳನ್ನು ಇಲ್ಲಿಗೆ ಕಳಿಸಬೇಡಿ, ಎರಡನೇ ವಾರಕ್ಕೇ ಹಿಂದೆ ಬೀಳುತ್ತಾರೆ. ನಡೆ ಬರೆದುಕೊಳ್ಳಲು ಬಂದು, ಒಂದೆರಡು ಟೂರ್ನಿ ಆಡಿದವರಿಗೆ, ದೊಡ್ಡವರಿಗೂ ಸಹ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಪಾಠ ಕನ್ನಡ, ಮರಾಠಿ ಎರಡರಲ್ಲೂ ನಡೆಯುತ್ತದೆ. ಒಬ್ಬ ಹುಡುಗ ರಾಣಿ ಅಂದರೆ ಪಕ್ಕದವನು ವಜೀರ ಅನ್ನುತ್ತಾನೆ, ಯಾರಿಗೂ ತೊಡಕಾಗುವುದಿಲ್ಲ.

ದಾಖಲೆಗಳ ಪಟ್ಟಿಯನ್ನು ಅರ್ಧ ತಾಸಿನಲ್ಲಿ ಮುಗಿಸುತ್ತಾರೆ, ಅದೇ ಸರಿ. 1988ರ ಥೆಸಲೊನಿಕಿ ಮಹಿಳಾ ಚೆಸ್ ಒಲಿಂಪಿಯಾಡ್‌ನಲ್ಲಿ ಹನ್ನೆರಡು ವರ್ಷದ ಜುಡಿತ್ 13 ಆಟಗಳಲ್ಲಿ 12.5 ಅಂಕ ಗಳಿಸಿದ್ದು, ಅಕ್ಕಂದಿರೊಡನೆ ಹಂಗೇರಿಗೆ ಚಿನ್ನ ತಂದಿದ್ದು. 1991ರಲ್ಲಿ ದೇಶದ ಚಾಂಪಿಯನ್ ಆಗಿ, 15 ವರ್ಷ 4 ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಪಡೆದು ಬಾಬಿ ಫಿಷರ್ ದಾಖಲೆ ಮುರಿದಿದ್ದು. ಆಮೇಲೆ ಉಳಿದದ್ದೆಲ್ಲ ಹಲಗೆಯ ಮೇಲೆ.

ಮೂರನೇ ವಾರದ ಪಾಠ 1994ರ ಲಿನಾರೆಸ್ ಟೂರ್ನಿಯ ಆಟದ ಮೇಲೆ. ವಿಶ್ವ ಚಾಂಪಿಯನ್ ಕಾಸ್ಪರೋವ್ 36ನೇ ನಡೆಯಲ್ಲಿ ಕುದುರೆಯನ್ನು ಸಿ5 ಮನೆಗಿಟ್ಟು, ಕೈಬಿಟ್ಟು, ಮತ್ತೆ ಎತ್ತಿ ಎಫ್8ಕ್ಕಿಟ್ಟರು. ಕೈಬಿಟ್ಟ ಮೇಲೆ ನಡೆ ಬದಲಿಸುವಂತಿಲ್ಲ, ಕೈಬಿಟ್ಟಿದ್ದು ವಿಡಿಯೊದಲ್ಲಿ ದಾಖಲಾಗಿದೆ. ಹದಿನೇಳರ ಜುಡಿತ್ ಆಗ ದೂರು ಕೊಡಲಿಲ್ಲ, ಆಟವನ್ನೂ ಸೋತರು. ಇದನ್ನು ಕಥೆಯಾಗಿ ಹೇಳಿ ಬಿಡದೆ, ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಅಭ್ಯಾಸ ಮಾಡಿಸುತ್ತಾರೆ: ಮೊದಲು ಗಡಿಯಾರ ನಿಲ್ಲಿಸಿ, ತೀರ್ಪುಗಾರನಾದ ಆರ್ಬಿಟರ್‌ನನ್ನು ಕರೆಯಿರಿ, ಅಲ್ಲಿಯವರೆಗೆ ನಿಮ್ಮ ಯಾವ ಕಾಯಿಯನ್ನೂ ಮುಟ್ಟಬೇಡಿ. ನಡೆಸಲೆಂದು ಒಂದು ಕಾಯಿ ಮುಟ್ಟಿದರೂ ದೂರುವ ಹಕ್ಕು ಹೋಯಿತು. ಟೂರ್ನಿಗಳಲ್ಲಿ ಮಕ್ಕಳು ಅಳುತ್ತ ಎದ್ದು ಬರುವುದು ಈ ನಿಯಮ ಗೊತ್ತಿಲ್ಲದೆ. ಈ ಒಂದು ಪಾಠಕ್ಕೇ ಅರ್ಧ ಶುಲ್ಕ ಕೊಡಬಹುದು.

ಐದು ಮತ್ತು ಆರನೇ ವಾರ ಪೂರ್ತಿ ಒಂದೇ ಆಟ: 2002ರ ಮಾಸ್ಕೋ, ಕಡಿಮೆ ಸಮಯದ ರ‍್ಯಾಪಿಡ್, ಕಾಸ್ಪರೋವ್ ವಿರುದ್ಧ 42 ನಡೆಗಳ ಗೆಲುವು. ಆಟ ಆರಂಭಿಸುವ ಕ್ರಮಗಳಲ್ಲೊಂದಾದ ಬರ್ಲಿನ್ ಡಿಫೆನ್ಸ್‌ನಲ್ಲಿ 8ನೇ ನಡೆಗೇ ರಾಣಿಗಳು ಹೊರಬೀಳುತ್ತವೆ. ಹುಡುಗರು ‘ಇದು ಡ್ರಾ’ ಎಂದು ನೋಟ್‌ಬುಕ್ ಮುಚ್ಚಲು ಹೊರಡುವುದು ಅಲ್ಲೇ. ಕಪ್ಪಿಗೆ ಕ್ಯಾಸಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಇಲ್ಲ, ಎಚ್8ರ ಆನೆಗೆ ದಾರಿಯಿಲ್ಲ. ಬಿಳಿಗೆ, ಅಂದರೆ ಜುಡಿತ್‌ಗೆ, ರಾಜನ ಬದಿಯಲ್ಲಿ ಒಂದು ಪ್ಯಾದೆ ಹೆಚ್ಚು. 16ರಲ್ಲಿ ಜಿ4, 17ರಲ್ಲಿ ರಾಜ ಜಿ2ಕ್ಕೆ, ಕಪ್ಪಿನ ಉತ್ತರ ಎಚ್5. ಇಲ್ಲಿ ಹೆಚ್ಚಿನವರು ಹೆದರಿ ಜಿ ಪ್ಯಾದೆಯಿಂದ ಎಚ್5 ಹೊಡೆಯುತ್ತಾರೆ. ಆಗ ಹಲಗೆಯ ಅಂಚಿನ ನೇರ ಸಾಲಾದ ಎಚ್ ಫೈಲ್‌ನಲ್ಲಿ ಒಂದರ ಹಿಂದೊಂದು ಎರಡು ಒಂಟಿ ಪ್ಯಾದೆ ಉಳಿದು, ಇದ್ದ ಮೇಲುಗೈ ಕರಗುತ್ತದೆ. ಜುಡಿತ್ ಆ ಪ್ಯಾದೆಯನ್ನು ಅಲ್ಲೇ ಬಿಟ್ಟು ಕುದುರೆಯನ್ನು ಎಫ್5ಕ್ಕೆ ತಂದರು. ಕಪ್ಪಿನ ಒಂಟೆ ಎಫ್8ಕ್ಕೆ ಹಿಮ್ಮೆಟ್ಟಿತು. ಮುಂದೆ ಕಪ್ಪಿನ ಆನೆ ಎಚ್3ರಿಂದ ಶಹ ಕೊಟ್ಟಾಗ ಬಿಳಿಯ ರಾಜನೇ ಜಿ2ಕ್ಕೆ ಬಂದು ಅದನ್ನು ಅಟ್ಟುತ್ತಾನೆ. ರಾಣಿಯಿಲ್ಲದ ಹಲಗೆಯಲ್ಲಿ ರಾಜನೂ ದುಡಿಯಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಆಟ ಸಿಗುವುದು ಕಷ್ಟ. ಶಿಕ್ಷಕರು ಪ್ರತಿ ನಡೆಗೂ ಮೂರು ನಿಮಿಷ ಕೊಟ್ಟು, ಉತ್ತರ ಬರೆಸಿಕೊಂಡೇ ಮುಂದಿನ ನಡೆ ತೋರಿಸುತ್ತಾರೆ.

ಕೊರತೆ ಎರಡು. ಸೋಲುಗಳು ತೀರ ಕಡಿಮೆ. 2005ರ ಜುಲೈನಲ್ಲಿ 2735 ರೇಟಿಂಗ್ ತಲುಪಿದ ಆಟಗಾರ್ತಿ ಅದೇ ವರ್ಷ ಸಾನ್ ಲೂಯಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 14 ಆಟಕ್ಕೆ 4.5 ಅಂಕ ಪಡೆದು ಕೊನೆಯ ಸ್ಥಾನಕ್ಕಿಳಿದರು. ಆ ಆಟಗಳಿಗೆ ಒಂದು ವಾರ ಬೇಕೇ ಬೇಕಿತ್ತು, ಇಲ್ಲಿ ಹತ್ತು ನಿಮಿಷ ಸಿಕ್ಕಿದೆ.

ಇನ್ನೊಂದು, ಹಂಚುವ ಝೆರಾಕ್ಸ್ ಹಾಳೆಯದು. ಕಾಸ್ಪರೋವ್ ಆಟದ 31ನೇ ನಡೆಗೆ ‘ಆನೆ ಡಿ6 ಹೊಡೆತ, ಶಹ’ ಎಂದಷ್ಟೇ ಇದೆ. ಆಗ ಇ6, ಡಿ2 ಎರಡೂ ಕಡೆಯ ಆನೆಗಳು ಡಿ6 ಹೊಡೆಯಬಲ್ಲವು. ಹೊಡೆಯಬೇಕಾದದ್ದು ಇ6ರದು. ಮನೆಯಲ್ಲಿ ಡಿ2ರ ಆನೆಯಿಂದ ಹೊಡೆದವರಿಗೆ ಮುಂದಿನ ನಡೆ, ಅದೇ ಆನೆ ಡಿ5ಕ್ಕೆ ಏರುವುದು, ಹಲಗೆಯ ಮೇಲೆ ಸಿಗುವುದೇ ಇಲ್ಲ. ಸೇರುವವರು ಹಾಳೆ ಕೈಗೆ ಬಂದ ಕೂಡಲೇ ಅಲ್ಲಿ ಪೆನ್ನಿನಿಂದ ‘ಇ’ ಎಂದು ಸೇರಿಸಿಕೊಳ್ಳಿ.